ಐಪಿಯಲ್ಲಿ ತೆರೆಯುವ ಸೈಟ್ ಡೊಮೇನಿನಲ್ಲಿ 502 ಏಕೆ?

ಓದುಗರ ಪ್ರಶ್ನೆ: "ನಮ್ಮ ತಾಲ್ಲೂಕಿನ ಹಳೆಯ ಕೈಬರಹ ಪತ್ರಿಕೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಹ್ಯೂಗೋ ಎಂಬ ಉಪಕರಣ ಬಳಸಿ ಒಂದು ಸ್ಟ್ಯಾಟಿಕ್ ಸೈಟ್ (ಸಿದ್ಧ ಫೈಲುಗಳನ್ನಷ್ಟೇ ಕೊಡುವ ತಾಣ) ಕಟ್ಟಿದ್ದೇನೆ. 1 ಜಿಬಿ ಮೆಮೊರಿಯ ಬಾಡಿಗೆ ಸರ್ವರ್, ಉಬುಂಟು, ಡಾಕರ್ ಕಂಪೋಸ್ (ಕಂಟೇನರುಗಳನ್ನು, ಅಂದರೆ ತಂತ್ರಾಂಶ ಓಡುವ ಪ್ರತ್ಯೇಕ ಡಬ್ಬಿಗಳನ್ನು, ನಡೆಸುವ ಉಪಕರಣ). ಒಂದು ಫೋಲ್ಡರಿನಲ್ಲಿ ಸೈಟಿನ ಕಂಟೇನರ್ (ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನ ಅನ್‌ಪ್ರಿವಿಲೆಜ್ಡ್ ಇಮೇಜ್, ಪೋರ್ಟ್ 8080:8080), ಇನ್ನೊಂದರಲ್ಲಿ ರಿವರ್ಸ್ ಪ್ರಾಕ್ಸಿ (ಹೊರಗಿನ ವಿನಂತಿ ಪಡೆದು ಒಳಗಿನ ಸೈಟಿಗೆ ದಾಟಿಸುವುದು), ಅದೂ ಎಂಜಿನ್‌ಎಕ್ಸ್. ಸರ್ವರಿನ ಐಪಿ ಮುಂದೆ 8080 ಹಾಕಿದರೆ ಸೈಟ್ ಚೆನ್ನಾಗಿ ತೆರೆಯುತ್ತದೆ, ಡೊಮೇನ್ ಹಾಕಿದರೆ 502 ದೋಷ. ಪ್ರಾಕ್ಸಿಯಲ್ಲಿ ಲೋಕಲ್‌ಹೋಸ್ಟ್ 8080 ಎಂದೇ ಬರೆದಿದ್ದೇನೆ. ಅಲ್ಲಿ ಸಾರ್ವಜನಿಕ ಐಪಿ ಬರೆದು ನೋಡಿದಾಗ ಒಮ್ಮೆ ಸರಿಯಾಯಿತು, ಆದರೆ ಕೆಲವು ಕೊಂಡಿ ಒತ್ತಿದರೆ ವಿಳಾಸದಲ್ಲಿ 8080 ಬಂದು ಕೂರುತ್ತಿತ್ತು. ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂನಲ್ಲಿ 8080 ಮುಚ್ಚಿದರೂ ಹೊರಗಿನಿಂದ ತೆರೆಯುತ್ತಲೇ ಇದೆ. ಸರಿಪಡಿಸಲು ವಾರದಲ್ಲಿ ಏಳೆಂಟು ಸಲ ಎಲ್ಲ ಅಳಿಸಿ ಕಟ್ಟಿದೆ. ಈಗ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಸಂಸ್ಥೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟನ್ನೇ ಕೊಡುತ್ತಿಲ್ಲ. ಇದರ ಜೊತೆಗೆ ಕನ್ನಡ ಹೆಸರಿನ ಕೆಲವು ಪಿಡಿಎಫ್‌ಗಳು ಮಾತ್ರ 404 (ಸಿಗಲಿಲ್ಲ) ಎನ್ನುತ್ತವೆ. ಡಾಕರ್ ಹಿಡಿದದ್ದೇ ತಪ್ಪಾಯಿತೇ? ಟ್ರೇಫಿಕ್ ಎಂಬ ಇನ್ನೊಂದು ಪ್ರಾಕ್ಸಿಗೆ ಬದಲಾಯಿಸಲೇ?"

ಉತ್ತರ: ಡಾಕರ್ ಹಿಡಿದದ್ದು ತಪ್ಪಲ್ಲ, ಟ್ರೇಫಿಕ್‌ಗೆ ಹೋದರೆ ಇದು ತಾನಾಗಿ ಸರಿಯಾಗುವುದೂ ಇಲ್ಲ. ನಿಮ್ಮ ತೊಂದರೆಗಳಲ್ಲಿ ಪಿಡಿಎಫ್‌ನದು ಬೇರೆಯದೇ ಕಥೆ. ಮಿಕ್ಕವು ಒಂದರ ಬಾಲ ಹಿಡಿದು ಇನ್ನೊಂದು ಬಂದಿವೆ. (ಕಾನ್ಫಿಗ್‌ನಲ್ಲಿ ಬರುವ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷಿನಲ್ಲಿ, ಎಂಜಿನ್‌ಎಕ್ಸ್‌ನಲ್ಲಾದರೆ ಪದಗಳ ನಡುವೆ ಅಂಡರ್‌ಸ್ಕೋರ್ ಸಮೇತ ಇರಬೇಕು.)

ಮೊದಲು 502. ಈ ಅಂಕಿ ನೋಡಿದ ಕೂಡಲೇ ಜನ ಡಿಎನ್‌ಎಸ್ (ಹೆಸರನ್ನು ಐಪಿಗೆ ಬದಲಿಸುವ ವ್ಯವಸ್ಥೆ) ಕೆದಕುತ್ತಾರೆ, ಸರ್ಟಿಫಿಕೇಟ್ ಅಳಿಸುತ್ತಾರೆ. ಎರಡೂ ಬೇಡ. ಹಿಂದಿರುವ ಸರ್ವರಿನಿಂದ ಸರಿಯಾದ ಉತ್ತರ ಸಿಗಲಿಲ್ಲ ಎಂದು 502 ಕೊಡುತ್ತಿರುವುದು ನಿಮ್ಮದೇ ಪ್ರಾಕ್ಸಿ. ಅಂದರೆ ಡೊಮೇನ್ ಸರಿಯಾದ ಸರ್ವರಿಗೆ ತಲುಪುತ್ತಿದೆ, ಪೋರ್ಟ್ ತೆರೆದಿದೆ, ಪ್ರಾಕ್ಸಿ ಜೀವಂತವಾಗಿದೆ. ಮುರಿದಿರುವುದು ಪ್ರಾಕ್ಸಿಯಿಂದ ಸೈಟಿನ ಕಂಟೇನರಿಗೆ ಹೋಗುವ ದಾರಿಯೊಂದೇ. ಪ್ರಾಕ್ಸಿಯ ಲಾಗ್ ತೆರೆಯಿರಿ. ‘111: ಕನೆಕ್ಷನ್ ರಿಫ್ಯೂಸ್ಡ್’ ಎಂಬ ಸಾಲು ಇದ್ದೇ ಇರುತ್ತದೆ.

ಕಾರಣ ಆ ‘ಲೋಕಲ್‌ಹೋಸ್ಟ್’. ಮನೆ ಮನೆಗೂ ಒಂದು ಅಡುಗೆಮನೆ ಇರುತ್ತದೆ. ‘ಅಡುಗೆಮನೆಯಲ್ಲಿದೆ ನೋಡು’ ಎಂದರೆ ಕೇಳಿದವರು ತಮ್ಮ ಮನೆಯದನ್ನೇ ನೋಡುತ್ತಾರೆ. ಪ್ರತಿ ಕಂಟೇನರಿಗೂ ತನ್ನದೇ ನೆಟ್‌ವರ್ಕ್ ಜಾಗ, ತನ್ನದೇ 127.0.0.1, ಅಂದರೆ ಲೋಕಲ್‌ಹೋಸ್ಟ್. ಪ್ರಾಕ್ಸಿಯ ಕಂಟೇನರಿನೊಳಗೆ 8080ರಲ್ಲಿ ಯಾರೂ ಕೂತಿಲ್ಲ, ಹಾಗಾಗಿ ಬಾಗಿಲು ಮುಚ್ಚಿದೆ ಎಂಬ ಉತ್ತರ. ಸಾರ್ವಜನಿಕ ಐಪಿ ಬರೆದಾಗ ನಡೆದದ್ದು, ವಿನಂತಿ ಹೊರಬಾಗಿಲಿಗೆ ಹೋಗಿ ಸುತ್ತಿಕೊಂಡು ಮತ್ತೆ ಒಳಗೆ ಬಂದದ್ದರಿಂದ. ಅದು ಪರಿಹಾರವಲ್ಲ, ಅದಕ್ಕಾಗಿ 8080 ಊರಿಗೆಲ್ಲ ತೆರೆದೇ ಇರಬೇಕಾಗುತ್ತದೆ.

ಸರಿಯಾದ ದಾರಿ ಎಂದರೆ ಎರಡೂ ಕಂಟೇನರುಗಳನ್ನು ಒಂದೇ ಡಾಕರ್ ನೆಟ್‌ವರ್ಕಿಗೆ ಸೇರಿಸಿ, ಹೆಸರು ಹಿಡಿದು ಕರೆಯುವುದು. ಕಂಪೋಸ್ ಪ್ರತಿ ಫೋಲ್ಡರಿಗೂ ಪ್ರತ್ಯೇಕ ನೆಟ್‌ವರ್ಕ್ ಕಟ್ಟುತ್ತದೆ. ನಿಮ್ಮವು ಬೇರೆ ಬೇರೆ ಫೋಲ್ಡರಿನಲ್ಲಿರುವುದರಿಂದ ಒಂದಕ್ಕೊಂದರ ಗುರುತೇ ಇಲ್ಲ. ‘ಡಾಕರ್ ನೆಟ್‌ವರ್ಕ್ ಕ್ರಿಯೇಟ್’ ಆದೇಶದಿಂದ ಒಂದು ನೆಟ್‌ವರ್ಕ್ ಮಾಡಿ. ಎರಡೂ ಕಂಪೋಸ್ ಫೈಲುಗಳ ಕೊನೆಯಲ್ಲಿ ಅದನ್ನು ‘ಎಕ್ಸ್‌ಟರ್ನಲ್: ಟ್ರೂ’ ಎಂದು ಘೋಷಿಸಿ, ಎರಡೂ ಸರ್ವಿಸ್‌ಗಳ ಕೆಳಗೆ ಅದರ ಹೆಸರು ಹಾಕಿ. ಆಮೇಲೆ ಪ್ರಾಕ್ಸಿ ಪಾಸ್ ಸಾಲಿನಲ್ಲಿ ಲೋಕಲ್‌ಹೋಸ್ಟ್ ತೆಗೆದು ಸೈಟಿನ ಸರ್ವಿಸ್ ಹೆಸರು ಬರೆಯಿರಿ, ಪೋರ್ಟ್ 8080. ಇಲ್ಲಿ ಬರೆಯಬೇಕಾದದ್ದು ಯಾವಾಗಲೂ ಕಂಟೇನರಿನ ಒಳಗಿನ ಪೋರ್ಟ್. ನಿಮ್ಮಲ್ಲಿ ಒಳಗೂ ಹೊರಗೂ 8080 ಆಗಿರುವುದು ಕಾಕತಾಳೀಯ. ಮಾಮೂಲಿ ಎಂಜಿನ್‌ಎಕ್ಸ್ ಇಮೇಜ್ ಒಳಗೆ 80ರಲ್ಲಿ ಕೇಳುತ್ತದೆ.

ಸರ್ವಿಸಿಗೆ ‘ವೆಬ್’, ‘ಆ್ಯಪ್’ ಎಂಬಂಥ ಸಾಮಾನ್ಯ ಹೆಸರು ಇಡಬೇಡಿ. ನಾಳೆ ಇನ್ನೊಂದು ಪ್ರಾಜೆಕ್ಟಿನಲ್ಲೂ ‘ವೆಬ್’ ಇದ್ದು ಅದೇ ನೆಟ್‌ವರ್ಕಿಗೆ ಸೇರಿದರೆ, ಡಾಕರಿನ ಡಿಎನ್‌ಎಸ್ ಎರಡರ ವಿಳಾಸವನ್ನೂ ಕೊಡುತ್ತದೆ. ಒಮ್ಮೆ ಪತ್ರಿಕೆಯ ಸೈಟ್, ಒಮ್ಮೆ ಮತ್ತೊಂದು ಬರುವ ಈ ಬಗೆಯ ದೋಷ ಹಿಡಿಯಲು ಬಲು ಕಷ್ಟ.

ಬ್ರೌಸರಿಗೆ ಹೋಗುವ ಮುಂಚೆ ಪ್ರಾಕ್ಸಿಯ ಒಳಗಿಂದಲೇ ಪರೀಕ್ಷಿಸಿ: ‘ಡಾಕರ್ ಕಂಪೋಸ್ ಎಕ್ಸೆಕ್’ ಮೂಲಕ ಒಳಹೊಕ್ಕು, ಸೈಟಿನ ಸರ್ವಿಸ್ ಹೆಸರು ಮತ್ತು 8080ಕ್ಕೆ ಕರ್ಲ್ (ಬ್ರೌಸರಿಲ್ಲದೆ ಪುಟ ತರಿಸುವ ಆದೇಶ) ಓಡಿಸಿ. ಹೆಸರೇ ಸಿಗಲಿಲ್ಲ ಎಂದರೆ ನೆಟ್‌ವರ್ಕ್ ಒಂದಾಗಿಲ್ಲ. ರಿಫ್ಯೂಸ್ಡ್ ಎಂದರೆ ಪೋರ್ಟ್ ತಪ್ಪು. 200 (ಸರಿ ಎಂಬ ಉತ್ತರ) ಬಂದೂ ಹೊರಗೆ 502 ಎಂದರೆ ಪ್ರಾಕ್ಸಿ ಇನ್ನೂ ಹಳೆಯ ಕಾನ್ಫಿಗ್‌ನಲ್ಲೇ ಓಡುತ್ತಿದೆ.

ಈ ಕೊನೆಯದು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಡುತ್ತದೆ. ಕಾನ್ಫಿಗ್ ಫೈಲೊಂದನ್ನೇ ಕಂಟೇನರಿಗೆ ಮೌಂಟ್ ಮಾಡಿದ್ದರೆ (ಹೊರಗಿನದನ್ನು ಒಳಗೆ ಕಾಣುವಂತೆ ಜೋಡಿಸಿದ್ದರೆ), ಡಾಕರ್ ಹಿಡಿದುಕೊಳ್ಳುವುದು ಆ ಫೈಲಿನ ಐನೋಡನ್ನು, ಅಂದರೆ ಹೆಸರನ್ನಲ್ಲ, ಡಿಸ್ಕಿನಲ್ಲಿ ಅದಕ್ಕಿರುವ ಗುರುತನ್ನು. ವಿಮ್‌ನಂಥ ಹಲವು ಎಡಿಟರುಗಳು ಸೇವ್ ಮಾಡುವಾಗ ಹೊಸ ಫೈಲ್ ಬರೆದು ಹಳೆಯದರ ಹೆಸರು ಕೊಡುತ್ತವೆ. ಹೊರಗೆ ಹೊಸ ಫೈಲ್, ಕಂಟೇನರಿನೊಳಗೆ ಹಳೆಯದೇ. ಎಷ್ಟು ಸಲ ರೀಲೋಡ್ ಮಾಡಿದರೂ ಅಷ್ಟೇ. ಫೈಲಿನ ಬದಲು ಅದಿರುವ ಫೋಲ್ಡರನ್ನು ಮೌಂಟ್ ಮಾಡಿ. ಹ್ಯೂಗೋದ ಪಬ್ಲಿಕ್ ಫೋಲ್ಡರಿಗೂ ಇದೇ ಮಾತು: ನಿಮ್ಮ ಸ್ಕ್ರಿಪ್ಟ್ ಆ ಫೋಲ್ಡರನ್ನೇ ಅಳಿಸಿ ಹೊಸದಾಗಿ ಸೃಷ್ಟಿಸಿದರೆ, ಕಂಟೇನರ್ ಅಳಿದುಹೋದ ಫೋಲ್ಡರನ್ನು ನೋಡುತ್ತ ಕೂರುತ್ತದೆ. ಒಳಗಿನದನ್ನಷ್ಟೇ ಖಾಲಿ ಮಾಡಿ, ಇಲ್ಲವೇ ಒಂದು ಹಂತ ಮೇಲಿನ ಫೋಲ್ಡರನ್ನು ಮೌಂಟ್ ಮಾಡಿ.

ಇಂದು ಸರಿಯಾದ 502 ಮುಂದಿನ ವಾರ ಮತ್ತೆ ಬಂದರೂ ಗಾಬರಿ ಬೇಡ. ಎಂಜಿನ್‌ಎಕ್ಸ್ ಪ್ರಾಕ್ಸಿ ಪಾಸ್‌ನಲ್ಲಿರುವ ಹೆಸರನ್ನು ಶುರುವಾಗುವಾಗ ಒಮ್ಮೆ ಮಾತ್ರ ಐಪಿಗೆ ಬದಲಿಸಿಕೊಳ್ಳುತ್ತದೆ. ಸೈಟಿನ ಕಂಟೇನರ್ ಹೊಸದಾಗಿ ಎದ್ದಾಗ ಐಪಿ ಬದಲಾದರೆ, ಪ್ರಾಕ್ಸಿ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿರುತ್ತದೆ. ಡಾಕರಿನ ಒಳಗಿನ ಡಿಎನ್‌ಎಸ್ 127.0.0.11ರಲ್ಲಿದೆ, ಅದನ್ನು ‘ರಿಸಾಲ್ವರ್’ ಎಂದು ಕೊಟ್ಟು, ‘ವ್ಯಾಲಿಡ್’ ಅವಧಿ 10 ಸೆಕೆಂಡ್ ಇಟ್ಟು, ಸೈಟಿನ ಕಂಟೇನರಿನ ವಿಳಾಸವನ್ನು ‘ಸೆಟ್’ ಮೂಲಕ ಒಂದು ವೇರಿಯಬಲ್‌ಗೆ ಹಾಕಿ, ಪ್ರಾಕ್ಸಿ ಪಾಸ್‌ನಲ್ಲಿ ಆ ವೇರಿಯಬಲ್ ಬಳಸಿ. ಆಗ ಅದು ಆಗಾಗ ಕೇಳಿ ತಿಳಿದುಕೊಳ್ಳುತ್ತದೆ.

ಇನ್ನು ಯುಎಫ್‌ಡಬ್ಲ್ಯೂ. ‘ಫೈರ್‌ವಾಲ್‌ನಲ್ಲಿ ಮುಚ್ಚಿದೆ, ಹಾಗಾಗಿ ಮುಚ್ಚಿದೆ’ ಎಂಬುದು ಡಾಕರಿನ ಮಟ್ಟಿಗೆ ನಿಜವಲ್ಲ. ಹೊರಗಿನಿಂದ 8080ಕ್ಕೆ ಬಂದ ಪ್ಯಾಕೆಟನ್ನು ಡಾಕರ್ ಹಾಕಿರುವ ಐಪಿಟೇಬಲ್ಸ್ (ಲಿನಕ್ಸಿನಲ್ಲಿ ಪ್ಯಾಕೆಟ್‌ಗಳ ದಾರಿ ನಿಯಂತ್ರಿಸುವ ವ್ಯವಸ್ಥೆ) ನಿಯಮ ಮೊದಲೇ ಹಿಡಿದು, ಅದರ ಗುರಿಯನ್ನು ಕಂಟೇನರಿನ ಐಪಿಗೆ ಬದಲಿಸಿಬಿಡುತ್ತದೆ. ಹಾಗೆ ಬದಲಾದ ಪ್ಯಾಕೆಟ್ ‘ಫಾರ್ವರ್ಡ್’ ದಾರಿಯಲ್ಲಿ ಸಾಗುತ್ತದೆ. ನೀವು ಯುಎಫ್‌ಡಬ್ಲ್ಯೂನಲ್ಲಿ ಬರೆದ ‘ಡಿನೈ 8080’ ಕಾಯುತ್ತಿರುವುದು ‘ಇನ್‌ಪುಟ್’ ದಾರಿಯಲ್ಲಿ. ಕಾವಲುಗಾರ ಮುಂಬಾಗಿಲಲ್ಲೇ ಇದ್ದಾನೆ, ಜನ ಹಿತ್ತಲಿನಿಂದ ಬರುತ್ತಿದ್ದಾರೆ.

ಇದಕ್ಕೆ ಡಾಕರಿನ ಐಪಿಟೇಬಲ್ಸ್ ಸೌಲಭ್ಯವನ್ನೇ ‘ಫಾಲ್ಸ್’ ಮಾಡಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ಇಲಿಗೆ ಹೆದರಿ ಮನೆ ಸುಟ್ಟ ಹಾಗೆ: ಕಂಟೇನರುಗಳಿಗೆ ಹೊರಜಗತ್ತಿನ ಸಂಪರ್ಕವೇ ಕಡಿದುಹೋಗುತ್ತದೆ, ಸರ್ಟಿಫಿಕೇಟ್ ನವೀಕರಣವೂ ನಿಲ್ಲುತ್ತದೆ. ನಿಮಗೆ ಬೇಕಾದದ್ದು ಅದಕ್ಕಿಂತ ಸರಳ. ಎರಡೂ ಒಂದೇ ನೆಟ್‌ವರ್ಕಿನಲ್ಲಿದ್ದ ಮೇಲೆ ಸೈಟಿನ ಕಂಟೇನರಿಗೆ ‘ಪೋರ್ಟ್ಸ್’ ಸಾಲಿನ ಅಗತ್ಯವೇ ಇಲ್ಲ, ಅಳಿಸಿಬಿಡಿ. ಹೊರಕ್ಕೆ ತೆರೆಯಬೇಕಾದದ್ದು ಪ್ರಾಕ್ಸಿಯ 80 ಮತ್ತು 443 ಮಾತ್ರ. ಸರ್ವರಿನಿಂದಲೇ ಪರೀಕ್ಷಿಸಲು 8080 ಬೇಕೆನಿಸಿದರೆ 127.0.0.1:8080:8080 ಎಂದು ಬರೆಯಿರಿ. (ಡಾಕರ್ 28ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಹೀಗೆ ಕಟ್ಟಿದ ಪೋರ್ಟಿಗೂ ಅದೇ ಸ್ಥಳೀಯ ಜಾಲದ ಪಕ್ಕದ ಯಂತ್ರಗಳು ತಲುಪುವ ಸಾಧ್ಯತೆ ಇತ್ತು, ನಿಮ್ಮದು ಯಾವುದೆಂದು ನೋಡಿಕೊಳ್ಳಿ.) ಬಾಡಿಗೆ ಸರ್ವರಿನ ಕಂಟ್ರೋಲ್ ಪ್ಯಾನೆಲಿನಲ್ಲಿ ಫೈರ್‌ವಾಲ್ ಇದ್ದರೆ ಅದನ್ನೂ ಹಾಕಿ, ಅದು ಯಂತ್ರದ ಹೊರಗಿರುವುದರಿಂದ ಡಾಕರ್ ಅದನ್ನು ದಾಟಲಾರದು.

ಆದರೆ ಪೋರ್ಟ್ ಅಳಿಸುವ ಮುಂಚೆ ಆ ಕೊಂಡಿಗಳ ತೊಂದರೆ ಬಿಡಿಸಿ, ಇಲ್ಲದಿದ್ದರೆ ಈಗ ಹೇಗೋ ತೆರೆಯುತ್ತಿರುವವೂ ಸಾಯುತ್ತವೆ. ಗಮನಿಸಿ ನೋಡಿ: 8080 ಅಂಟಿಕೊಳ್ಳುವುದು ಕೊನೆಯಲ್ಲಿ ಸ್ಲ್ಯಾಷ್ ಇಲ್ಲದ ಕೊಂಡಿಗಳಲ್ಲಿ ಮಾತ್ರ. ‘ಸಂಚಿಕೆ’ ಎಂಬ ಫೋಲ್ಡರನ್ನು ಸ್ಲ್ಯಾಷ್ ಇಲ್ಲದೆ ಕೇಳಿದರೆ ಎಂಜಿನ್‌ಎಕ್ಸ್ 301 ಕೊಟ್ಟು ಸ್ಲ್ಯಾಷ್ ಇರುವ ವಿಳಾಸಕ್ಕೆ ಕಳಿಸುತ್ತದೆ. ಆ ವಿಳಾಸವನ್ನು ಅದು ಪೂರ್ತಿಯಾಗಿ ಕಟ್ಟುತ್ತದೆ: ಹೆಸರು ಹೋಸ್ಟ್ ಹೆಡರಿನಿಂದ, ಪೋರ್ಟ್ ತಾನು ಕೇಳುತ್ತಿರುವ 8080, ಎಚ್‌ಟಿಟಿಪಿಎಸ್ ಪ್ರಾಕ್ಸಿಯಲ್ಲೇ ಮುಗಿದಿರುವುದರಿಂದ ಬರೀ ಎಚ್‌ಟಿಟಿಪಿ. ಮುಂದೆ ಪ್ರಾಕ್ಸಿ ಇದೆ ಎಂಬುದು ಅದಕ್ಕೆ ಗೊತ್ತಿಲ್ಲ. ಸೈಟಿನ ಕಂಟೇನರಿನ ಕಾನ್ಫಿಗ್‌ನಲ್ಲಿ ‘ಆ್ಯಬ್ಸೊಲ್ಯೂಟ್ ರೀಡೈರೆಕ್ಟ್ ಆಫ್’ ಎಂದು ಒಂದು ಸಾಲು ಸೇರಿಸಿ. ಆಗ ವಿಳಾಸದ ಬಾಲವನ್ನಷ್ಟೇ ಕಳಿಸುತ್ತದೆ, ಮುಂದಿನ ಭಾಗ ಬ್ರೌಸರಿನಲ್ಲಿ ಇದ್ದಂತೆಯೇ ಉಳಿಯುತ್ತದೆ. 301 ಅನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ಪರೀಕ್ಷೆ ಖಾಸಗಿ ವಿಂಡೋದಲ್ಲಿ ಮಾಡಿ.

ಸರ್ಟಿಫಿಕೇಟಿನ ವಿಷಯ. ಒಂದೇ ಹೆಸರುಗಳ ಗುಂಪಿಗೆ ಲೆಟ್ಸ್ ಎನ್‌ಕ್ರಿಪ್ಟ್ 7 ದಿನಕ್ಕೆ 5 ಸರ್ಟಿಫಿಕೇಟ್ ಮಾತ್ರ ಕೊಡುತ್ತದೆ. ನೀವು ಏಳೆಂಟು ಸಲ ಕಟ್ಟಿದ್ದೀರಿ. ಬಹುಶಃ ‘ಕಂಪೋಸ್ ಡೌನ್’ ಜೊತೆ ‘-ವಿ’ ಸೇರಿಸಿರಬೇಕು. ಅದು ಡಾಕರ್ ಡೇಟಾ ಉಳಿಸಿಡುವ ವಾಲ್ಯೂಮ್‌ಗಳನ್ನೂ, ಅವುಗಳಲ್ಲಿದ್ದ ಸರ್ಟಿಫಿಕೇಟನ್ನೂ ಗುಡಿಸಿ ಹಾಕುತ್ತದೆ. ಖಾತೆ ಬದಲಿಸಿ ಪ್ರಯೋಜನವಿಲ್ಲ, ಲೆಕ್ಕ ಹೆಸರಿನ ಮೇಲಿದೆ. ಮಿತಿ ಸುಮಾರು 34 ಗಂಟೆಗೆ ಒಂದರಂತೆ ತುಂಬಿಕೊಳ್ಳುತ್ತದೆ, ಆದ್ದರಿಂದ ಎರಡು ದಿನ ಸುಮ್ಮನಿದ್ದು ಕೇಳಿ. ತೀರಾ ಅವಸರವಾದರೆ ಮುಂದೆ ತ್ರಿಬಲ್ ಡಬ್ಲ್ಯೂ ಇರುವ ಹೆಸರನ್ನೂ ಸೇರಿಸಿ ಕೇಳಬಹುದು. ಅದು ಬೇರೆ ಗುಂಪಾಗುತ್ತದೆ. ಇನ್ನು ಮುಂದೆ ಪ್ರಯೋಗಗಳನ್ನು ಅವರ ಸ್ಟೇಜಿಂಗ್ (ಪರೀಕ್ಷೆಗೆಂದೇ ಇರುವ) ವಿಳಾಸದಲ್ಲಿ ಮಾಡಿ, ಸರ್ಟಿಫಿಕೇಟ್ ಇರುವ ವಾಲ್ಯೂಮನ್ನು ‘ಎಕ್ಸ್‌ಟರ್ನಲ್’ ಮಾಡಿಡಿ; ಆಗ ‘-ವಿ’ ಕೂಡ ಅದನ್ನು ಮುಟ್ಟುವುದಿಲ್ಲ. ಅವಧಿ ಮುಗಿಯುತ್ತಿದೆ ಎಂದು ನೆನಪಿಸುವ ಇ-ಮೇಲನ್ನು ಅವರು 2025ರ ಜೂನ್‌ನಲ್ಲೇ ನಿಲ್ಲಿಸಿದ್ದಾರೆ. ನವೀಕರಣ ಆಗುತ್ತಿದೆಯೇ ಎಂದು ನೋಡಿಕೊಳ್ಳುವ ಕೆಲಸ ಈಗ ನಿಮ್ಮದೇ.

ಈಗ ಪಿಡಿಎಫ್‌ಗಳು. ತೆರೆಯದ ಫೈಲುಗಳ ಪಟ್ಟಿ ಮಾಡಿ. ‘ಹಬ್ಬ’ ತೆರೆಯುತ್ತದೆ, ‘ಕೊಡಗು’ ತೆರೆಯುವುದಿಲ್ಲ. ‘ಮಳೆ’ ತೆರೆಯುತ್ತದೆ, ‘ಮೇಳ’ ತೆರೆಯುವುದಿಲ್ಲ, ಎಂಬ ರೀತಿಯಲ್ಲಿದ್ದರೆ ಪ್ರಾಕ್ಸಿಯನ್ನು ಬೈಯಬೇಡಿ. ಯುನಿಕೋಡ್‌ನಲ್ಲಿ ‘ಕೊ’ದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಲಿನಕ್ಸಿಗೆ ಹಾಗಲ್ಲ, ಅದು ಬೈಟುಗಳನ್ನು ಮಾತ್ರ ಹೋಲಿಸುತ್ತದೆ. ಕೂಡಿಸಿ ಬರೆದ ‘ಕೊಡಗು’ 5 ಚಿಹ್ನೆ, 15 ಬೈಟ್. ಬಿಡಿಸಿ ಬರೆದದ್ದು 6 ಚಿಹ್ನೆ, 18 ಬೈಟ್. ಗುಡಿಸಿನ ದೀರ್ಘ, ಏತ್ವ, ಐತ್ವ, ಓತ್ವಗಳಿಗೂ ಇದೇ ಗತಿ. ಇವು ಯಾವುದೂ ಇಲ್ಲದ ಹೆಸರುಗಳು ಮಾತ್ರ ಬಚಾವಾಗುತ್ತವೆ.

ಹೀಗೆ ಬಿಡಿಸಿದ ಹೆಸರುಗಳು ಸಾಮಾನ್ಯವಾಗಿ ಬರುವುದು ಹಳೆಯ ಮ್ಯಾಕ್‌ಗಳಿಂದ. ಅವುಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಈಗಿನ ಎಪಿಎಫ್‌ಎಸ್ ಕೊಟ್ಟಂತೆ ಇಡುತ್ತದೆಯಾದರೂ, ಹಳೆಯ ಡಿಸ್ಕಿನಿಂದ ನಕಲಾದ ಹೆಸರು ಬಿಡಿಬಿಡಿಯಾಗಿಯೇ ಉಳಿಯುತ್ತದೆ. ಸ್ಕ್ಯಾನ್‌ಗಳು ಅಲ್ಲಿಂದ ಆರ್‌ಸಿಂಕ್ ಎಂಬ ನಕಲು ಉಪಕರಣದ ಮೂಲಕ ಸರ್ವರಿಗೆ ಬಂದಿದ್ದರೆ, ಫೈಲಿನ ಹೆಸರು 18 ಬೈಟಿನದು, ನೀವು ಪುಟದಲ್ಲಿ ಟೈಪ್ ಮಾಡಿದ ಕೊಂಡಿ 15 ಬೈಟಿನದು. ಸರ್ವರಿನಲ್ಲಿ ‘ಕಾನ್ವ್‌ಎಂವಿ’ ಎಂಬ ಪುಟ್ಟ ಉಪಕರಣ ಹಾಕಿಕೊಂಡು ‘ಎನ್‌ಎಫ್‌ಸಿ’ (ಕೂಡಿಸಿ ಬರೆದ ರೂಪ) ಆಯ್ಕೆಯೊಂದಿಗೆ ಫೋಲ್ಡರಿಗೆ ಓಡಿಸಿ. ‘ನೋಟೆಸ್ಟ್’ ಕೊಡುವವರೆಗೆ ಅದು ಏನನ್ನೂ ಬದಲಿಸದೆ, ಏನು ಬದಲಿಸಲಿದೆ ಎಂದಷ್ಟೇ ತೋರಿಸುತ್ತದೆ. ಮೊದಲು ಹಾಗೆ ಓಡಿಸಿ ಓದಿಕೊಳ್ಳಿ. ಜೊತೆಗೆ, ಹೆಸರು ಉದ್ದ ಮಾಡಬೇಡಿ. ಲಿನಕ್ಸ್‌ನಲ್ಲಿ ಫೈಲಿನ ಹೆಸರಿಗೆ ಸಾಮಾನ್ಯ ಮಿತಿ 255 ಬೈಟ್. ಕನ್ನಡದಲ್ಲಿ ಒಂದು ಚಿಹ್ನೆಗೆ 3 ಬೈಟ್‌ನಂತೆ 85ಕ್ಕೆ ಮುಗಿಯುತ್ತದೆ, ಕಾಗುಣಿತ ಒತ್ತಕ್ಷರ ಎಲ್ಲ ಸೇರಿ. ಹಂಚಿಕೊಳ್ಳುವಾಗ ಕೊಂಡಿ ಶೇಕಡಾ ಚಿಹ್ನೆಗಳ ಸಾಲಾದರಂತೂ ‘ಕೊಡಗು’ ಒಂದೇ 45 ಅಕ್ಷರ ನುಂಗುತ್ತದೆ. ಪಿಡಿಎಫ್‌ಗಳಿಗೆ ವರ್ಷ ಮತ್ತು ಸಂಚಿಕೆಯ ಅಂಕಿಗಳ ಹೆಸರಿಟ್ಟು, ಕನ್ನಡ ಶೀರ್ಷಿಕೆಯನ್ನು ಪುಟದಲ್ಲಿ ತೋರಿಸುವುದು ನನ್ನ ಆಯ್ಕೆ. ಭಾಷಾಭಿಮಾನಕ್ಕೆ ಅದರಿಂದ ಏನೂ ಕುಂದಿಲ್ಲ.

ಸರ್ವರಿನಲ್ಲಿ ಕನ್ನಡದ ಟೆಕ್ಸ್ಟ್ ಫೈಲುಗಳೂ ಇದ್ದರೆ ಎಂಜಿನ್‌ಎಕ್ಸ್‌ಗೆ ‘ಚಾರ್‌ಸೆಟ್ ಯುಟಿಎಫ್-8’ ಎಂದು ಹೇಳಿಬಿಡಿ. ಅದು ತಾನಾಗಿ ಹೇಳುವುದಿಲ್ಲ, ಬ್ರೌಸರ್ ಊಹಿಸಲು ಹೋಗಿ ಗೊಜಲು ತೋರಿಸುತ್ತದೆ. 403 ಬಂದರೆ ಅನುಮತಿ ನೋಡಿ: ನಿಮ್ಮ ಇಮೇಜ್ 101ನೇ ಬಳಕೆದಾರನಾಗಿ ಓಡುತ್ತದೆ, ಹಾಗಾಗಿ ಫೋಲ್ಡರುಗಳು 755, ಫೈಲುಗಳು 644 ಇರಬೇಕು.

ಕೊನೆಗೆ ನಿಮ್ಮ ದೊಡ್ಡ ಪ್ರಶ್ನೆ, ಯಾವುದಕ್ಕೆ ಬದಲಾಯಿಸಲಿ ಎಂಬುದು. ಒಂದೇ ಒಂದು ಸ್ಟ್ಯಾಟಿಕ್ ಸೈಟಿಗೆ ಎರಡು ಕಂಟೇನರ್ ಎಂದರೆ ಮೂಗಿಗಿಂತ ಮೂಗುತಿ ಭಾರ. ಪ್ರಾಕ್ಸಿ ಹಾಕಿದರೆ ಸೈಟ್ ವೇಗವಾಗುತ್ತದೆ ಎಂಬುದೂ ಸುಳ್ಳು. ಫೈಲ್ ಕೊಡುವ ಎಂಜಿನ್‌ಎಕ್ಸ್ ಮುಂದೆ ಇನ್ನೊಂದು ಎಂಜಿನ್‌ಎಕ್ಸ್ ನಿಲ್ಲಿಸಿದರೆ ಒಂದು ಹೆಜ್ಜೆ ಹೆಚ್ಚಾಗುತ್ತದೆ, ಅಷ್ಟೇ. ಪ್ರಾಕ್ಸಿಗೆ ಅರ್ಥ ಬರುವುದು ಅದೇ ಐಪಿಯಲ್ಲಿ ಎರಡನೆಯ ಸೈಟೋ ಆ್ಯಪೋ ಸೇರಿದಾಗ.

ಬೇರೇನೂ ಸೇರಿಸುವ ಯೋಚನೆ ಇಲ್ಲದಿದ್ದರೆ ಕ್ಯಾಡಿ ಎಂಬ ವೆಬ್ ಸರ್ವರಿನ ಒಂದೇ ಕಂಟೇನರ್ ಸಾಕು. ಡೊಮೇನಿನ ಹೆಸರು, ಫೈಲುಗಳ ಜಾಗ, ಎನ್‌ಕೋಡ್ (ಕುಗ್ಗಿಸಿ ಕಳಿಸುವುದು), ಫೈಲ್ ಸರ್ವರ್ ಎಂದು ನಾಲ್ಕೈದು ಸಾಲಿನ ಕಾನ್ಫಿಗ್. ಸರ್ಟಿಫಿಕೇಟ್ ತರುವುದು, ನವೀಕರಿಸುವುದು ಎಲ್ಲ ಅದರದೇ ಕೆಲಸ. ಅದರ ‘ಡೇಟಾ’ ಫೋಲ್ಡರನ್ನು ವಾಲ್ಯೂಮಿನಲ್ಲಿಡಲು ಮರೆತರೆ ಮಾತ್ರ ಮತ್ತೆ ಅದೇ 5ರ ಮಿತಿಗೆ ಡಿಕ್ಕಿ. ಸಿಗದ ಪುಟಕ್ಕೆ ಕ್ಯಾಡಿ ಖಾಲಿ ಉತ್ತರ ಕೊಡುತ್ತದೆ. ಹ್ಯೂಗೋ ಮಾಡಿಟ್ಟ 404 ಪುಟ ಕಾಣಿಸಬೇಕಾದರೆ ‘ಹ್ಯಾಂಡಲ್ ಎರರ್ಸ್’ ಬರೆಯಬೇಕು.

ಟ್ರೇಫಿಕ್ ಒಳ್ಳೆಯದೇ, ಹತ್ತಾರು ಕಂಟೇನರುಗಳು ಬರುತ್ತ ಹೋಗುತ್ತ ಇರುವ ಕಡೆ. ಆದರೆ ಅದು ಫೈಲುಗಳನ್ನು ತಾನೇ ಬಡಿಸುವುದಿಲ್ಲ, ಹಿಂದೆ ಎಂಜಿನ್‌ಎಕ್ಸ್ ಇರಲೇಬೇಕು. ಕಂಟೇನರುಗಳ ಮೇಲಿನ ಲೇಬಲ್‌ಗಳನ್ನು ಓದಲು ಅದಕ್ಕೆ ಡಾಕರ್ ಸಾಕೆಟ್ (ಡಾಕರಿಗೆ ಆಜ್ಞೆ ಕೊಡುವ ಬಾಗಿಲು) ಕೊಡಬೇಕಾಗುತ್ತದೆ, ಮತ್ತು ಆ ಸಾಕೆಟ್ ಕೈಗೆ ಸಿಕ್ಕವರಿಗೆ ಸರ್ವರಿನ ರೂಟ್ ಅಧಿಕಾರ ಸಿಕ್ಕಂತೆ. ‘ರೀಡ್ ಓನ್ಲಿ’ ಎಂದು ಮೌಂಟ್ ಮಾಡಿದರೂ ರಕ್ಷಣೆ ಇಲ್ಲ. ಸಾಕೆಟ್ ಫೈಲನ್ನು ಅಳಿಸಲಾಗದು ಅಷ್ಟೇ, ಅದರ ಮೂಲಕ ಆಜ್ಞೆ ಕೊಡಬಹುದು. ನಡುವೆ ಆಜ್ಞೆಗಳನ್ನು ಸೋಸುವ ಸಾಕೆಟ್ ಪ್ರಾಕ್ಸಿ ಇಡದೆ ಬಳಸಬೇಡಿ. ನಿಮ್ಮ ಅಗತ್ಯಕ್ಕೆ ಇದು ಅತಿಯಾಯಿತು.

ಸರ್ವರೇ ಬೇಡ ಎಂಬ ದಾರಿಯೂ ಇದೆ. ಗಿಟ್‌ಹಬ್ ಪೇಜಸ್‌ನಲ್ಲಿ ಪ್ರಕಟಿತ ಸೈಟಿನ ಮಿತಿ 1 ಜಿಬಿ. ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಒಂದು ಫೈಲ್ 25 ಎಂಬಿ ದಾಟುವಂತಿಲ್ಲ. ಲೇಖನಗಳಷ್ಟೇ ಆಗಿದ್ದರೆ ಅಲ್ಲಿಗೇ ಹೋಗಿ ಎನ್ನುತ್ತಿದ್ದೆ. ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಕೈಬರಹದ ಸಂಚಿಕೆಗಳು ಈ ಅಳತೆಗಳನ್ನು ಬೇಗ ಮೀರುತ್ತವೆ, ಆದ್ದರಿಂದ ನಿಮಗೆ ಸ್ವಂತ ಸರ್ವರೇ ಸರಿ.

1 ಜಿಬಿ ಮೆಮೊರಿ ಫೈಲ್ ಬಡಿಸಲು ಧಾರಾಳ. ಮೊದಲು ತುಂಬುವುದು ಡಿಸ್ಕ್, ಅದೂ ಲಾಗ್‌ಗಳಿಂದ: ಡಾಕರ್ ಮಾಮೂಲಾಗಿ ಲಾಗ್ ಫೈಲುಗಳನ್ನು ಕತ್ತರಿಸುವುದಿಲ್ಲ, ಪ್ರಾಕ್ಸಿಯ ಮೇಲೆ ಬಾಟ್‌ಗಳು ಬಡಿದಂತೆಲ್ಲ ಬೆಳೆಯುತ್ತಲೇ ಹೋಗುತ್ತವೆ. ಕಂಪೋಸ್ ಫೈಲಿನ ‘ಲಾಗಿಂಗ್’ ಕೆಳಗೆ ‘ಮ್ಯಾಕ್ಸ್-ಸೈಜ್’ 10 ಎಂಬಿ, ‘ಮ್ಯಾಕ್ಸ್-ಫೈಲ್’ 3 ಎಂದು ಹಾಕಿ. ಹಾಕಿದ ಮೇಲೆ ‘ರೀಸ್ಟಾರ್ಟ್’ ಕೊಟ್ಟರೆ ಏನೂ ಬದಲಾಗುವುದಿಲ್ಲ, ಅದು ಹಳೆಯ ಕಂಟೇನರನ್ನೇ ಎಬ್ಬಿಸುತ್ತದೆ. ‘ಕಂಪೋಸ್ ಅಪ್ -ಡಿ’ ಕೊಡಿ. ಬದಲಾದ ಕಂಟೇನರನ್ನು ಅದು ಹೊಸದಾಗಿ ಕಟ್ಟುತ್ತದೆ.